ಕೊಪ್ಪಳದ 'ಕೊ' ಮತ್ತು ಎರಡು ಹ್ಯಾಶ್

ರಾಯಚೂರು, 14 ಮೇ 2025, ಬುಧವಾರ

ಗಂಜಿನ (ಕೃಷಿ ಮಾರುಕಟ್ಟೆಯ) ಅಡತಿ ಅಂಗಡಿಗಳ ಲೆಕ್ಕದ ವೆಬ್‌ಸೈಟು. ಪಾಸ್‌ವರ್ಡ್‌ಗಳೆಲ್ಲ ಇನ್ನೂ ಎಂಡಿ5 ಎಂಬ ಹಳೆಯ ಹ್ಯಾಶ್‌ನಲ್ಲೇ (ಪಾಸ್‌ವರ್ಡ್ ಬದಲು ಇಡುವ, ತಿರುಗಿಸಿ ಓದಲಾಗದ ಗುರುತು) ಇವೆ, ಖಾತೆಗೊಂದರಂತೆ ಬೆರೆಸುವ ಸಾಲ್ಟ್ ಎಂಬ ತುಣುಕು ಇಲ್ಲ. 123456 ಇಟ್ಟವರೆಲ್ಲರ ಸಾಲಿನಲ್ಲೂ ಅದೇ 32 ಅಕ್ಷರ. ಟೇಬಲ್ ಕಳುವಾದರೆ ಒಂದನ್ನು ಒಡೆದವನಿಗೆ ಉಳಿದವು ಪುಕ್ಕಟೆ.

ಬೇಕೆಂದೇ ನಿಧಾನವಾಗಿರುವ, ಸಾಲ್ಟ್ ತಾನೇ ಸೇರಿಸುವ ಬಿಕ್ರಿಪ್ಟ್ ಹ್ಯಾಶ್‌ಗೆ ಸಾಗಿಸಲು ಎಲ್ಲರೂ ಲಾಗಿನ್ ಆಗಲಿ ಎಂದು ಕಾಯಬಾರದು. ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ತೆರೆಯದ ಖಾತೆಗಳೇ ಹೆಚ್ಚು ಅಪಾಯದಲ್ಲಿರುತ್ತವೆ. ಇರುವ ಎಂಡಿ5 ಅನ್ನೇ ಬಿಕ್ರಿಪ್ಟ್‌ಗೆ ಕೊಟ್ಟು, ಪಕ್ಕದ ಕಾಲಮ್‌ನಲ್ಲಿ 'ಹಳೆಯದು' ಎಂದು ಗುರುತಿಟ್ಟು, ಮೂಲವನ್ನು ಅಳಿಸಬೇಕು. ಬ್ಯಾಕಪ್ ಫೈಲುಗಳನ್ನು ಮರೆಯಬಾರದು. ಆ ಖಾತೆ ಲಾಗಿನ್ ಆದ ದಿನ ಟೈಪ್ ಮಾಡಿದ್ದನ್ನು ಎಂಡಿ5 ಮಾಡಿ ಬಿಕ್ರಿಪ್ಟ್ ಮೂಲಕ ಹೋಲಿಸಿ, ಸರಿಬಂದರೆ ನಿಜ ಪಾಸ್‌ವರ್ಡನ್ನೇ ಹೊಸದಾಗಿ ಹ್ಯಾಶ್ ಮಾಡಿ ಗುರುತು ತೆಗೆಯುವುದು.

ಅದಕ್ಕೂ ಮೊದಲು ಕಾಲಮ್. ಈಗಿರುವುದು 32 ಅಕ್ಷರದ್ದು, ಬಿಕ್ರಿಪ್ಟ್ ಕೊಡುವುದು 60. ಡೇಟಾಬೇಸ್ ಆದ ಮೈಎಸ್‌ಕ್ಯೂಎಲ್ ಸ್ಟ್ರಿಕ್ಟ್ ಮೋಡ್‌ನಲ್ಲಿ (ಹಿಡಿಸದ್ದನ್ನು ನಿರಾಕರಿಸುವ ಸ್ಥಿತಿ) ಇಲ್ಲದಿದ್ದರೆ ಬಾಲ ಕತ್ತರಿಸಿ ಇಟ್ಟುಕೊಳ್ಳುತ್ತದೆ, ಆಮೇಲೆ ಸರಿಯಾದ ಪಾಸ್‌ವರ್ಡೂ ತಪ್ಪಾಗುತ್ತದೆ. 255 ಮಾಡಿಬಿಡಿ.

ಬಿಕ್ರಿಪ್ಟ್ ಎಷ್ಟು ದುಡಿಯಬೇಕೆಂದು ಹೇಳುವ ಕಾಸ್ಟ್ 12 ಸಾಕು. ಪ್ರೋಗ್ರಾಮಿಂಗ್ ಭಾಷೆ ಪಿಎಚ್‌ಪಿ 8.4ರಲ್ಲಿ ಅದೇ ಡೀಫಾಲ್ಟ್, ಮೊದಲು 10 ಇತ್ತು. ಒಂದು ಏರಿಸಿದರೆ ಸಮಯ ಇಮ್ಮಡಿ, ಆದ್ದರಿಂದ ಸರ್ವರಿನ ಮೇಲೇ ಅಳೆಯಬೇಕು.

ಹೆಚ್ಚು ಹೊತ್ತು ಬೇಡುವುದು ಕನ್ನಡದ ಪಾಸ್‌ವರ್ಡ್. ಬಿಕ್ರಿಪ್ಟ್ ನೋಡುವುದು ಮೊದಲ 72 ಬೈಟ್ ಮಾತ್ರ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಗುಣಿತದ ಚಿಹ್ನೆಗೂ ಪ್ರತ್ಯೇಕ ಲೆಕ್ಕ. 'ಕೊಪ್ಪಳ' ಎಂದರೆ ಕ, ಓತ್ವ, ಪ, ವಿರಾಮ (ಅರ್ಧಾಕ್ಷರದ ಚಿಹ್ನೆ), ಪ, ಳ: ಆರು ಸಂಕೇತ, 18 ಬೈಟ್. 24 ಸಂಕೇತ ದಾಟಿದ್ದು ಲೆಕ್ಕಕ್ಕೇ ಬರುವುದಿಲ್ಲ. ನೋಂದಣಿಯಲ್ಲೇ ಅಕ್ಷರವನ್ನಲ್ಲ, ಬೈಟನ್ನು ಎಣಿಸಿ ತಡೆಯಿರಿ.

ಇನ್ನೂ ಕಾಡುವುದು ಆ ಓತ್ವ. ಶಾಲೆಯ ಕಾಗುಣಿತದಲ್ಲಿ ಅದು ಒಂದೇ. ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇರಬಹುದು, ಏತ್ವ ಮತ್ತು ಕೊಂಬಿನ ಇಳಿ ಕೂಡಿ ಎರಡಾಗಿಯೂ ಇರಬಹುದು. ಪರದೆಯ ಮೇಲೆ ಎರಡೂ 'ಕೊ'. ಬೈಟ್ ಬೇರೆ, ಹಾಗಾಗಿ ಹ್ಯಾಶ್ ಹೊಂದುವುದಿಲ್ಲ. ಫೋನಿನಲ್ಲಿ ಇಟ್ಟ ಪಾಸ್‌ವರ್ಡ್ ಅಂಗಡಿಯ ಕಂಪ್ಯೂಟರಿನಲ್ಲಿ ನಡೆಯದಿದ್ದರೆ ಇದನ್ನೂ ನೋಡಿ. ಪರಿಹಾರ ಸುಲಭ: ನೋಂದಣಿ, ಲಾಗಿನ್ ಎರಡರಲ್ಲೂ ಹ್ಯಾಶ್‌ಗೆ ಮುಂಚೆ ಎನ್‌ಎಫ್‌ಸಿಗೆ, ಅಂದರೆ ಯೂನಿಕೋಡ್‌ನ ಕೂಡಿಸಿದ ಒಂದೇ ರೂಪಕ್ಕೆ, ನಾರ್ಮಲೈಸ್ ಮಾಡುವುದು.

'ಹಳೆಯದು' ಗುರುತಿನ ಸಾಲುಗಳಲ್ಲಿ ಮಾತ್ರ ಎಚ್ಚರ. ಅವುಗಳ ಎಂಡಿ5 ಆಗಿದ್ದು ಅಂದು ಬಂದ ಬೈಟ್‌ಗಳ ಮೇಲೆ. ಅಲ್ಲಿ ಬಂದದ್ದನ್ನು ಬಂದಂತೆಯೇ ಹೋಲಿಸಿ, ಹೊಸ ಹ್ಯಾಶ್ ಬರೆಯುವಾಗ ನಾರ್ಮಲೈಸ್ ಮಾಡಬೇಕು.