ಗಾಂಧಾರ ಯಾವ ತಂತಿಯಲ್ಲಿದೆ?

ನಮ್ಮ ಕಾಸರಗೋಡಿನ ಕಡೆ ಹೊಸದಾಗಿ ಗಿಟಾರು ಹಿಡಿಯುವ ಅನೇಕರ ಕಿವಿ ಆಗಲೇ ತಯಾರಾಗಿರುತ್ತದೆ. ಕುಂಬಳೆ, ಬದಿಯಡ್ಕ, ಮಂಜೇಶ್ವರದ ಭಜನಾ ಮಂದಿರಗಳಲ್ಲಿ ಹಾರ್ಮೋನಿಯಂ ಕೇಳುತ್ತಲೇ ಬೆಳೆದಿರುತ್ತಾರೆ, ಕೆಲವರು ಸರಳೆ ವರಸೆಯನ್ನೂ ಕಲಿತಿರುತ್ತಾರೆ. ಹಾಗಿದ್ದೂ ಗಿಟಾರಿನ ಕಲಿಕೆ ಶುರುವಾಗುವುದು ಹತ್ತಿಪ್ಪತ್ತು ಕಾರ್ಡುಗಳ ಚಿತ್ರವಿರುವ ಹಾಳೆಯಿಂದ. ಅದನ್ನು ಮಗ್ಗಿಯಂತೆ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಮೇಜರ್ ಮತ್ತು ಮೈನರ್ ಕಾರ್ಡುಗಳ ನಡುವೆ ಇರುವುದು ಒಂದೇ ಸ್ವರದ ವ್ಯತ್ಯಾಸ, ಆ ಸ್ವರ ನಿಮಗೆ ಗೊತ್ತಿರುವ ಗಾಂಧಾರ, ಅಂದರೆ ಸರಿಗಮದ ಗ.

ಷಡ್ಜ (ಸ), ಗಾಂಧಾರ (ಗ), ಪಂಚಮ (ಪ) ಮೂರನ್ನೂ ಒಟ್ಟಿಗೆ ನುಡಿಸಿದರೆ ಕಾರ್ಡ್. ಅಂತರ ಗಾಂಧಾರ ಹಾಕಿದರೆ ಮೇಜರ್, ಸಾಧಾರಣ ಗಾಂಧಾರ ಹಾಕಿದರೆ ಮೈನರ್. ಒಂದೇ ತಂತಿಯ ಮೇಲೆ ಲೆಕ್ಕ ಹಾಕಿದರೆ ಷಡ್ಜದಿಂದ ಸಾಧಾರಣ ಗಾಂಧಾರಕ್ಕೆ 3 ಫ್ರೆಟ್ (ಗಿಟಾರಿನ ಕತ್ತಿನ ಮೇಲೆ ಲೋಹದ ಪಟ್ಟಿಗಳ ನಡುವಿನ ಮನೆ), ಅಂತರ ಗಾಂಧಾರಕ್ಕೆ 4, ಪಂಚಮಕ್ಕೆ 7. ಹಾರ್ಮೋನಿಯಂನಲ್ಲಿ ಕಪ್ಪು, ಬಿಳಿ ಮನೆಗಳನ್ನೆಲ್ಲ ಸೇರಿಸಿ ಎಣಿಸಿದರೂ ಇದೇ ಲೆಕ್ಕ.

ತಂತಿಗಳನ್ನು ಎಣಿಸುವುದು ಸಣ್ಣದರಿಂದ: ಅತಿ ತೆಳುವಾದದ್ದು 1, ಅತಿ ದಪ್ಪದ್ದು 6. ದಪ್ಪ ತಂತಿಯಿಂದ ಕೆಳಗೆ ಬರುತ್ತ ಶ್ರುತಿ ಇ, ಎ, ಡಿ, ಜಿ, ಬಿ, ಇ. ಫೋನಿನ ಟ್ಯೂನರ್ ಸಾಕು, ಆದರೆ ದಿನವೂ ಶ್ರುತಿ ಮಾಡಿಕೊಂಡೇ ಕೂರಬೇಕು.

ಮೊದಲು ಇ ಮೇಜರ್. ನಡುಬೆರಳು 5ನೇ ತಂತಿಯ 2ನೇ ಫ್ರೆಟ್ಟಿನಲ್ಲಿ, ಉಂಗುರ ಬೆರಳು 4ನೇ ತಂತಿಯ 2ನೇ ಫ್ರೆಟ್ಟಿನಲ್ಲಿ, ತೋರುಬೆರಳು 3ನೇ ತಂತಿಯ 1ನೇ ಫ್ರೆಟ್ಟಿನಲ್ಲಿ. ಆರೂ ತಂತಿ ಮೀಟಿ. ಈಗ ತೋರುಬೆರಳನ್ನು ಮಾತ್ರ ಎತ್ತಿ ಮತ್ತೆ ಮೀಟಿ. ಅದೇ ಇ ಮೈನರ್. ಅಂತರ ಗಾಂಧಾರವಿದ್ದಲ್ಲಿ ಸಾಧಾರಣ ಗಾಂಧಾರ ಬಂತು, ಬೇರೇನೂ ಬದಲಾಗಲಿಲ್ಲ. ಮೊದಲ ಎರಡು ದಿನ ಇದೊಂದನ್ನೇ ಮಾಡಿ: ಬೆರಳು ಇಡುವುದು, ಎತ್ತುವುದು, ಕೇಳುವುದು. ಆ 3ನೇ ತಂತಿಯ ಸ್ವರವನ್ನು ಬಾಯಲ್ಲೂ ಹಾಡಿ.

ಇ ಮೇಜರಿನ ಅದೇ ಆಕಾರವನ್ನು ಒಂದೊಂದು ತಂತಿ ಕೆಳಗೆ ಸರಿಸಿದರೆ ಎ ಮೈನರ್: 4ನೇ ಮತ್ತು 3ನೇ ತಂತಿಯ 2ನೇ ಫ್ರೆಟ್, 2ನೇ ತಂತಿಯ 1ನೇ ಫ್ರೆಟ್. ಇಲ್ಲಿ ಗಾಂಧಾರ 2ನೇ ತಂತಿಯಲ್ಲಿದೆ. ಅದನ್ನು 2ನೇ ಫ್ರೆಟ್ಟಿಗೆ ಏರಿಸಿದರೆ ಎ ಮೇಜರ್, ಆಗ 4, 3, 2ನೇ ತಂತಿಗಳೆಲ್ಲ 2ನೇ ಫ್ರೆಟ್ಟಿನಲ್ಲೇ ಇರುತ್ತವೆ. ಮೂರು ಬೆರಳು ಒಂದೇ ಇಕ್ಕಟ್ಟಿನಲ್ಲಿ ಕೂರಬೇಕಾದ್ದರಿಂದ ಹಿಂದೆ ಉಳಿದ ಬೆರಳಿನ ತಂತಿ ಗುರ್ರೆನ್ನುತ್ತದೆ. ಮಣಿಕಟ್ಟನ್ನು ತುಸು ತಿರುಗಿಸಿ ಬೆರಳುಗಳನ್ನು ಓರೆಯಾಗಿ ಒತ್ತಾಗಿ ಜೋಡಿಸಿ. ಎರಡೂ ಎ ಕಾರ್ಡುಗಳನ್ನು 5ನೇ ತಂತಿಯಿಂದ ಮೀಟಬೇಕು.

ಡಿ ಕಾರ್ಡಿನ ಗಾಂಧಾರ 1ನೇ ತಂತಿಯಲ್ಲಿ. ಇ, ಎ, ಡಿ ಎಂದು ಸಾಗಿದಂತೆ ಗಾಂಧಾರ 3, 2, 1 ಎಂದು ಒಂದೊಂದೇ ತಂತಿ ಇಳಿಯುವುದನ್ನು ಗಮನಿಸಿ. ಇದೊಂದು ನೆನಪಿದ್ದರೆ ಆರು ಕಾರ್ಡು ನೆನಪಿದ್ದಂತೆ. ಡಿ ಮೇಜರಿಗೆ ತೋರುಬೆರಳು 3ನೇ ತಂತಿಯ 2ರಲ್ಲಿ, ಉಂಗುರ ಬೆರಳು 2ನೇ ತಂತಿಯ 3ರಲ್ಲಿ, ನಡುಬೆರಳು 1ನೇ ತಂತಿಯ 2ರಲ್ಲಿ. ಮೈನರಿಗೆ 1ನೇ ತಂತಿಯದು 1ನೇ ಫ್ರೆಟ್ಟಿಗೆ ಇಳಿಯಬೇಕು. ಇಲ್ಲಿ ಸ್ವರ ಒಂದೇ ಬದಲಾದರೂ ಬೆರಳು ಎರಡು ಬದಲಾಗುತ್ತವೆ: ನಡುಬೆರಳು 3ನೇ ತಂತಿಗೆ ಹೋಗಿ, ತೋರುಬೆರಳು 1ನೇ ತಂತಿಗೆ ಬರುತ್ತದೆ. ಉಂಗುರ ಬೆರಳನ್ನು ಎತ್ತಲೇಬೇಡಿ, ಅದೇ ನಿಮ್ಮ ಗೂಟ. ಮೀಟುವುದು 4ನೇ ತಂತಿಯಿಂದ.

ಸಿ ಮತ್ತು ಜಿ ಮೇಜರ್ ಇವುಗಳ ನಂತರ. ಎ ಮೈನರಿನಿಂದ ಉಂಗುರ ಬೆರಳನ್ನು 5ನೇ ತಂತಿಯ 3ನೇ ಫ್ರೆಟ್ಟಿಗೆ ಒಯ್ದರೆ ಸಿ ಸಿಕ್ಕಿತು. ಜಿಗೆ 6ನೇ ತಂತಿಯ 3, 5ನೇ ತಂತಿಯ 2, 1ನೇ ತಂತಿಯ 3. ಇವೆರಡರ ಮೈನರ್ ರೂಪ ಯಾಕೆ ಸುಲಭವಲ್ಲ ಎಂದರೆ, ಇವುಗಳ ಗಾಂಧಾರ ಖಾಲಿ ತಂತಿಯಲ್ಲೂ ನುಡಿಯುತ್ತಿರುತ್ತದೆ, ಸಿಯಲ್ಲಿ 1ನೇ ತಂತಿ, ಜಿಯಲ್ಲಿ 2ನೇ ತಂತಿ. ಖಾಲಿ ತಂತಿಯನ್ನು ಅದಕ್ಕಿಂತ ಕೆಳಗಿಳಿಸಲು ಜಾಗವೇ ಇಲ್ಲ. ಒಂದು ಬೆರಳನ್ನು ಅಡ್ಡ ಮಲಗಿಸಿ ತಂತಿಗಳನ್ನೆಲ್ಲ ಒತ್ತುವ ಬಾರ್ ಕಾರ್ಡ್ ಕಲಿಯುವವರೆಗೆ ಅವು ಕಾಯಲಿ. ಎಫ್ ಕೂಡ ಹಾಗೆಯೇ.

ಸದ್ದು ಕೆಡುವುದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಕಾರ್ಡ್ ಹಿಡಿದು ಒಂದೊಂದೇ ತಂತಿ ಮೀಟಿ. ಗುರ್ರೆಂದರೆ ಬೆರಳು ಫ್ರೆಟ್ಟಿನ ಲೋಹದ ಪಟ್ಟಿಯಿಂದ ದೂರವಿದೆ; ಪಟ್ಟಿಗೆ ತಾಗುವಷ್ಟು ಹತ್ತಿರ ತಂದರೆ ಅರ್ಧ ಬಲ ಸಾಕು. ಸದ್ದೇ ಸತ್ತಿದ್ದರೆ ಪಕ್ಕದ ಬೆರಳಿನ ಮಾಂಸ ತಂತಿಗೆ ತಾಗುತ್ತಿದೆ. ಉಗುರು ಕತ್ತರಿಸಿ, ಬೆರಳ ತುದಿ ನೇರ ನಿಲ್ಲುವಂತೆ ಗೆಣ್ಣು ಬಾಗಿಸಿ, ಹೆಬ್ಬೆರಳನ್ನು ಗಿಟಾರಿನ ಕತ್ತಿನ ಬೆನ್ನಿಗೆ ತನ್ನಿ. ಶ್ರುತಿ ಸರಿಯಿದ್ದೂ ಕಾರ್ಡ್ ಅಪಸ್ವರವೆನಿಸಿದರೆ ತಂತಿಯನ್ನು ಅತಿಯಾಗಿ ಒತ್ತುತ್ತಿದ್ದೀರಿ ಅಥವಾ ಬದಿಗೆ ಎಳೆಯುತ್ತಿದ್ದೀರಿ, ಸ್ವರ ಮೇಲೇರಿರುತ್ತದೆ.

ಬೆರಳು ನೋಯುವುದು ಸಹಜ. ಹೊತ್ತಿಗೆ 15 ನಿಮಿಷದಂತೆ ದಿನಕ್ಕೆರಡು ಸಲ ಕೂತರೆ ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಒಂದೇ ದಿನ ಎರಡು ಗಂಟೆ ಕೂತರೆ ಮರುದಿನ ಮುಟ್ಟಲಾಗುವುದಿಲ್ಲ. ಆದರೆ ಎಲ್ಲ ನೋವೂ ಬೆರಳಿನ ತಪ್ಪಲ್ಲ. ನಮ್ಮ ಮಳೆಗಾಲದಲ್ಲಿ, ಅದರಲ್ಲೂ ತುಳುವರ ಆಟಿ ತಿಂಗಳ ದಿನಗಳಲ್ಲಿ, ಮರ ತೇವ ಕುಡಿದು ಉಬ್ಬಿ ತಂತಿಗಳು ಮೇಲೇಳುತ್ತವೆ. 12ನೇ ಫ್ರೆಟ್ಟಿನ ಮೇಲೆ 6ನೇ ತಂತಿ ಸುಮಾರು 2.5 ಮಿ.ಮೀ. ಎತ್ತರದಲ್ಲಿದ್ದರೆ ಚೆನ್ನ, 3 ಮಿ.ಮೀ. ದಾಟಿದರೆ ಹೊಸಬರಿಗೆ ವಿನಾಕಾರಣ ಶಿಕ್ಷೆ. ರಿಪೇರಿ ಗೊತ್ತಿರುವವರಿಂದ ಇಳಿಸಿಕೊಳ್ಳಿ. ಸ್ಟೀಲ್ ತಂತಿಯಾದರೆ 0.010ರ (1ನೇ ತಂತಿಯ ದಪ್ಪ, ಅಂಗುಲದಲ್ಲಿ) ತೆಳು ಸೆಟ್ ಹಾಕಿಸಿ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಪ್ರತಿ ತಂತಿಯ ಅಡಿಭಾಗವನ್ನೂ ಒರೆಸಿ. ತುಕ್ಕು ಹಿಡಿದ ತಂತಿ ಬೆರಳನ್ನು ಗೀರುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಚೀಲದಲ್ಲಿಡಿ, ತೇವದ ಗೋಡೆಗೆ ಒರಗಿಸಬೇಡಿ.

ಕಾರ್ಡ್ ಬದಲಿಸುವ ಅಭ್ಯಾಸಕ್ಕೆ ಒಂದು ನಿಮಿಷದ ಟೈಮರ್ ಇಡಿ. ಎ ಮೈನರ್ ಮತ್ತು ಇ ಮೇಜರ್ ನಡುವೆ ಎಷ್ಟು ಸಲ ಶುದ್ಧವಾಗಿ ಬದಲಿಸಿದಿರಿ ಎಂದು ಎಣಿಸಿ ಬರೆದಿಡಿ. 30 ದಾಟುವವರೆಗೆ ಹಾಡಿನ ಗೊಡವೆ ಬೇಡ. ಬೆರಳುಗಳನ್ನು ಒಂದೊಂದಾಗಿ ಇಡದೆ, ಗಾಳಿಯಲ್ಲೇ ಆಕಾರ ಕಟ್ಟಿ ಒಟ್ಟಿಗೆ ಇಳಿಸುವುದು ಇದರ ಗುಟ್ಟು.

ಮಂದಿರದಲ್ಲಿ ಕೂರುವಾಗ ಶ್ರುತಿಯ ಪ್ರಶ್ನೆ ಬರುತ್ತದೆ. ಹಾಡುಗಾರರು ಕಪ್ಪು ಎರಡು (ಹಾರ್ಮೋನಿಯಂನ ಎರಡನೇ ಕಪ್ಪು ಮನೆಯೇ ಷಡ್ಜ) ಎಂದರೆ 1ನೇ ಫ್ರೆಟ್ಟಿಗೆ ಕ್ಯಾಪೋ, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು, ಹಾಕಿ ಡಿ ಆಕಾರ ಹಿಡಿಯಿರಿ. ಕಪ್ಪು ಒಂದಕ್ಕೆ 4ನೇ ಫ್ರೆಟ್ಟಿನಲ್ಲಿ ಕ್ಯಾಪೋ, ಎ ಆಕಾರ. ಬಿಳಿ ಐದಕ್ಕೆ 3ನೇ ಫ್ರೆಟ್, ಇ ಆಕಾರ. ಕ್ಯಾಪೋ ಪಟ್ಟಿಗೆ ಒತ್ತಾಗಿರಲಿ, ಹಾಕಿದ ಮೇಲೆ ಮತ್ತೊಮ್ಮೆ ಶ್ರುತಿ ನೋಡಿ. ಮೋಹನ, ಹಂಸಧ್ವನಿ, ಶಂಕರಾಭರಣದಲ್ಲಿ ಅಂತರ ಗಾಂಧಾರವಿರುವುದರಿಂದ ಷಡ್ಜದ ಮೇಲೆ ಮೇಜರ್ ಕೂಡುತ್ತದೆ. ಖರಹರಪ್ರಿಯ, ನಟಭೈರವಿಗೆ ಮೈನರ್. ಹಿಂದೋಳದಲ್ಲಿ ಸಾಧಾರಣ ಗಾಂಧಾರವಿದ್ದರೂ ಪಂಚಮವೇ ಇಲ್ಲ, ಮೈನರ್ ಕಾರ್ಡ್ ಹಾಕಿದರೆ ರಾಗ ಕೆಡುತ್ತದೆ.

ಕೊನೆಗೆ ಮಧ್ಯಮಾವತಿಯಲ್ಲಿ ಮಂಗಳ ಹಾಡುವಾಗ ಮೇಜರೂ ಬೇಡ, ಮೈನರೂ ಬೇಡ, ಆ ರಾಗಕ್ಕೆ ಗಾಂಧಾರವೇ ಇಲ್ಲ. ಡಿ ಆಕಾರದಲ್ಲಿ 1ನೇ ತಂತಿಯ ಬೆರಳು ತೆಗೆದು, ಆ ತಂತಿಯನ್ನು ಮೀಟದೆ 4, 3, 2 ಮಾತ್ರ ನುಡಿಸಿ. ಷಡ್ಜ, ಪಂಚಮ, ಮೇಲಿನ ಷಡ್ಜ, ಅಷ್ಟೇ ಉಳಿಯುತ್ತದೆ.