ಎಷ್ಟು ಅಂತ ಹಾಕ್ಲಿ ಮೇಡಂ?

ಪ್ರಾಜೆಕ್ಟ್ ರಿಪೋರ್ಟ್ ಕೊಡುವ ದಿನ ಹತ್ತಿರ ಬಂತು ಅಂದರೆ ನಾನು ನೋಡಿಕೊಳ್ಳುವ ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಕೂರಲು ಜಾಗ ಇರುವುದಿಲ್ಲ. ಈ ಸೋಮವಾರ ಬಿಬಿಎ ಕೊನೆ ವರ್ಷದ ಹುಡುಗಿಯೊಬ್ಬಳು ಬಂದಳು. ಹಾಸನದಲ್ಲಿ ಜನ ಯಾವ ಕಾಫಿ ಪುಡಿ ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ ಅನ್ನೋದು ಅವಳ ವಿಷಯ. ಎರಡನೇ ಅಧ್ಯಾಯದ ಒಂದು ಸಾಲು ತೋರಿಸಿದಳು. ಭಾರತದಲ್ಲಿ ಇಷ್ಟು ಪರ್ಸೆಂಟ್ ಜನ ಫಿಲ್ಟರ್ ಕಾಫಿ ಕುಡಿಯುತ್ತಾರೆ ಅಂತ ಅದರ ಅರ್ಥ. ‘ಇಷ್ಟು’ ಇರಬೇಕಾದ ಕಡೆ ಜಾಗ ಖಾಲಿ ಬಿಟ್ಟಿದ್ದಳು. ಅಲ್ಲಿ ಬೆರಳಿಟ್ಟು ಕೇಳಿದಳು.

“ಇಲ್ಲಿ ಎಷ್ಟು ಅಂತ ಹಾಕ್ಲಿ ಮೇಡಂ?”

ಕಾಫಿಗೆ ಸಕ್ಕರೆ ಎಷ್ಟು ಹಾಕ್ಲಿ ಅಂತ ಕೇಳುವಷ್ಟೇ ಸಹಜವಾಗಿ ಕೇಳಿದಳು. ಅವತ್ತಿನಿಂದ ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಅವಳ ದನಿಯಲ್ಲಿ ಕಳ್ಳತನ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ವಾಕ್ಯ ಆಗಲೇ ಸಿದ್ಧವಾಗಿತ್ತು, ಅಂಕಿ ಒಂದು ಬೇಕಿತ್ತು. ದೊಡ್ಡವರು ಯಾರಾದರೂ ಹೇಳಿದರೆ ಹಾಕಿಬಿಡೋಣ ಅಂತ ಬಂದಿದ್ದಳು.

“ಕೂತ್ಕೋಮ್ಮ. ಇದುವರೆಗೆ ಏನೇನು ಸಿಕ್ಕಿದೆ ತೋರಿಸು” ಅಂದೆ. ಫೋನ್ ತೆಗೆದಳು. ಮೂರು ವೆಬ್‌ಸೈಟುಗಳಲ್ಲಿ ಭಾರತದ ಕಾಫಿ ಮಾರುಕಟ್ಟೆಯ ಗಾತ್ರ ಮೂರು ಥರ ಇತ್ತು. ಮೂರೂ ಕಡೆ ಪೂರ್ತಿ ವರದಿ ಬೇಕಾದರೆ ಡಾಲರ್‌ನಲ್ಲಿ ದುಡ್ಡು ಕಟ್ಟಬೇಕು. ಎಐ ಒಂದಷ್ಟು ಲೇಖನಗಳ ಪಟ್ಟಿ ಕೊಟ್ಟಿತ್ತು. ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಎಲ್ಲ ನೀಟಾಗಿ ಇತ್ತು. ಇಬ್ಬರೂ ಕೂತು ಹುಡುಕಿದೆವು. ಕೆಲವು ಸಿಕ್ಕವು. ಕೆಲವು ಎಲ್ಲಿಯೂ ಇಲ್ಲ, ಅಂಥ ಲೇಖನವನ್ನು ಯಾರೂ ಬರೆದೇ ಇಲ್ಲ. ಅವಳಿಗೆ ನಿಜಕ್ಕೂ ಗಾಬರಿ ಆಯ್ತು. “ಸುಳ್ಳು ಹೇಳತ್ತಾ ಮೇಡಂ ಇದು?” ಅಂದಳು.

ಮೂರು ಸೈಟಿನ ಅಂಕಿ ಯಾಕೆ ಹೊಂದಲ್ಲ ಅಂತ ಮೊದಲು ನೋಡಿದೆವು. ಒಬ್ಬರು ಅಂಗಡಿಯಲ್ಲಿ ಮಾರಿದ ಪುಡಿಯನ್ನಷ್ಟೇ ಎಣಿಸಿದ್ದಾರೆ. ಇನ್ನೊಬ್ಬರು ಇನ್‌ಸ್ಟಂಟ್ ಕಾಫಿ, ಕೆಫೆ ಎಲ್ಲ ಸೇರಿಸಿದ್ದಾರೆ. ಮೂರನೆಯವರು ಏನನ್ನು ಎಣಿಸಿದ್ದೇವೆ ಅಂತಲೇ ಹೇಳಿಲ್ಲ. ಹಾಗೆ ಹೇಳದ ಅಂಕಿಯನ್ನು ಬಿಟ್ಟುಬಿಡು ಅಂದೆ. ನನ್ನ ಮಟ್ಟಿಗೆ ಇದು ಮೊದಲ ಪಾಠ. ಮಾರ್ಕೆಟಿಂಗ್ ರಿಸರ್ಚ್ ಪುಸ್ತಕದಲ್ಲಿ ಇದಕ್ಕೆ ಒಂದು ಅಧ್ಯಾಯವೇ ಇದೆ. ಪರೀಕ್ಷೆಗೆ ಐದು ಅಂಕದ ಉತ್ತರವಾಗಿ ಬಾಯಿಪಾಠ ಮಾಡಿಯೂ ಇರುತ್ತಾರೆ. ಫೋನಿನ ಎದುರು ಕೂತಾಗ ಅದು ನೆನಪಿಗೆ ಬರುವುದಿಲ್ಲ.

ಆಮೇಲೆ ಕಾಫಿ ಬೋರ್ಡ್ ಸೈಟ್ ತೆಗೆದೆವು. ಬೆಂಗಳೂರಲ್ಲೇ ಕೇಂದ್ರ ಕಚೇರಿ, 1942ರ ಕಾಫಿ ಕಾಯ್ದೆಯಡಿ ನಡೆಯುವ ಸಂಸ್ಥೆ. ಎಷ್ಟು ಬೆಳೆ, ಎಷ್ಟು ರಫ್ತು, ಯಾವ ಜಿಲ್ಲೆ ಎಷ್ಟು ಅಂತ ಅಲ್ಲಿ ದುಡ್ಡಿಲ್ಲದೆ ಸಿಗುತ್ತದೆ. 2022-23ರಲ್ಲಿ ದೇಶದ ಬೆಳೆ ಸುಮಾರು 3.52 ಲಕ್ಷ ಟನ್, ಅದರಲ್ಲಿ ನೂರಕ್ಕೆ 70ರಷ್ಟು ನಮ್ಮ ರಾಜ್ಯದ್ದೇ. ಕೊಡಗು, ಚಿಕ್ಕಮಗಳೂರು, ಹಾಸನ. ತೋಟಗಳ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ಹುಡುಗಿ ಬೋರ್ಡಿನ ಸೈಟನ್ನು ಅವತ್ತೇ ಮೊದಲು ನೋಡಿದ್ದು.

ಜನ ಎಷ್ಟು ಕೊಳ್ಳುತ್ತಾರೆ ಅನ್ನೋದಕ್ಕೆ ಕೇಂದ್ರ ಸರ್ಕಾರದ ಮನೆವಾರು ಖರ್ಚಿನ ಸಮೀಕ್ಷೆ ಇದೆ. 2011-12ರ 68ನೇ ಸುತ್ತಿನಲ್ಲಿ ಮನೆಗೆ ತಂದ ಕಾಫಿ ಪುಡಿಯನ್ನೂ ಹೊರಗೆ ಕುಡಿದ ಕಪ್ ಕಾಫಿಯನ್ನೂ ಬೇರೆ ಬೇರೆ ಬರೆದುಕೊಂಡಿದ್ದಾರೆ. 558ನೇ ನಂಬರಿನ ವರದಿಯಲ್ಲಿ ರಾಜ್ಯವಾರು, ಹಳ್ಳಿ ಪೇಟೆವಾರು ಕೋಷ್ಟಕ ಇದೆ. ಅದು ಹಳೆಯದು ಅಂದರೆ 2023-24ರದ್ದೂ ಬಂದಿದೆ. ಅದಕ್ಕಾಗಿ 2,61,953 ಮನೆಗಳಿಗೆ ಹೋಗಿದ್ದಾರೆ. ಆ ವರ್ಷ ತಲಾ ತಿಂಗಳ ಸರಾಸರಿ ಖರ್ಚು ಹಳ್ಳಿಯಲ್ಲಿ 4,122 ರೂಪಾಯಿ, ಪೇಟೆಯಲ್ಲಿ 6,996. ಪಾನೀಯ, ತಿಂಡಿ, ಸಂಸ್ಕರಿಸಿದ ಆಹಾರಕ್ಕೇ ಪೇಟೆಯವರ ಖರ್ಚಿನಲ್ಲಿ ನೂರಕ್ಕೆ 11ರಷ್ಟು ಹೋಗುತ್ತದೆ.

ಈ ಸಮೀಕ್ಷೆಯ ವಿಷಯ ಬಂದರೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ. ಯಾಕಂದರೆ ಮಕ್ಕಳಿಗೆ ಅಂಕಿ ಅಂದರೆ ಕಂಪ್ಯೂಟರಿನಲ್ಲಿ ತಾನಾಗೇ ಹುಟ್ಟೋದು ಅನ್ನೋ ಭಾವನೆ ಇದೆ. ಒಬ್ಬ ನೌಕರ ಟ್ಯಾಬ್ಲೆಟ್ ಹಿಡಿದುಕೊಂಡು ಒಂದೇ ಮನೆಗೆ ಮೂರು ತಿಂಗಳಲ್ಲಿ ಮೂರು ಸಲ ಹೋಗಬೇಕು. ಒಂದು ಸಲ ಊಟದ ಖರ್ಚು, ಒಂದು ಸಲ ಸೋಪು, ಕರೆಂಟು, ಫೀಸು, ಇನ್ನೊಂದು ಸಲ ಫ್ರಿಜ್ಜು, ಬೈಕು ಇಂಥವು. ಕೆಲಸ ಬಿಟ್ಟು ಕೂತು ಉತ್ತರ ಕೊಟ್ಟ ಗೃಹಿಣಿಯರು ಎಷ್ಟು ಜನ! ಅಷ್ಟೆಲ್ಲ ಆದ ಮೇಲೆ ಒಂದು ಅಂಕಿ. ಇದನ್ನು ಹೇಳುತ್ತಿದ್ದಾಗ ಅವಳು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡಳು. ನನಗೆ ಅದು ತುಂಬ ಇಷ್ಟವಾಯಿತು.

ಇನ್ನೊಂದು ಮೂಲವನ್ನು ಬಿಬಿಎ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ. ಕಂಪನಿ ಶೇರು ಮಾರಲು ಹೊರಟಾಗ ಶೇರು ಪೇಟೆಯನ್ನು ನಿಯಂತ್ರಿಸುವ ಸೆಬಿಗೆ ದಪ್ಪ ದಾಖಲೆಯೊಂದನ್ನು ಕೊಡಬೇಕು. ಅದರಲ್ಲಿ ಆ ಉದ್ಯಮದ ಮೇಲೆ ಒಂದು ದೊಡ್ಡ ಅಧ್ಯಾಯ ಇರುತ್ತದೆ. ಕಾಫಿ ಡೇ ಎಂಟರ್‌ಪ್ರೈಸಸ್ 2015ರಲ್ಲಿ ಶೇರು ಪೇಟೆಗೆ ಬಂದಾಗ ಕೊಟ್ಟ ದಾಖಲೆಯನ್ನು ತೋರಿಸಿದೆ. ಶೇರು ಮಾರಲು ಬರೆದದ್ದು, ಹಾಗಾಗಿ ಭವಿಷ್ಯದ ಮಾತನ್ನು ಹುಷಾರಾಗಿ ಓದು ಅಂತಲೂ ಹೇಳಿದೆ. ಆದರೂ ಡಾಲರ್ ಕೊಟ್ಟು ಕೊಳ್ಳಬೇಕಾದ ವರದಿಗಳಲ್ಲಿ ಇರುವಂಥದ್ದು ಅಲ್ಲಿ ಎಷ್ಟೋ ಸಿಗುತ್ತದೆ.

ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಅನ್ನೋ ಸೈಟ್ ಅವಳಿಗೆ ಗೊತ್ತಿತ್ತು. ಅಲ್ಲಿಂದ ಪ್ಯಾರಾಗಳನ್ನು ಎತ್ತೋಕೆ ಅಂತ ಸೀನಿಯರ್‌ಗಳು ಹೇಳಿಕೊಟ್ಟಿದ್ದರು. ಪಿಎಚ್‌ಡಿ ಪ್ರಬಂಧದ ಕೊನೆಗೆ ಹೋಗು, ಅವರು ಏನೇನು ಓದಿದ್ದಾರೆ ಅನ್ನೋ ಪಟ್ಟಿ ನೋಡು, ಅದರಲ್ಲಿ ನಿನ್ನ ವಿಷಯಕ್ಕೆ ಹತ್ತಿರದ್ದನ್ನು ತೆಗೆದು ಓದು ಅಂದೆ. ಓದಲು ಎನ್-ಲಿಸ್ಟ್ ಇದೆ. ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಕಾಲೇಜುಗಳಿಗಾಗಿ ನಡೆಸುವ ಆನ್‌ಲೈನ್ ಸೌಲಭ್ಯ, ಆರು ಸಾವಿರಕ್ಕೂ ಹೆಚ್ಚು ಸಂಶೋಧನಾ ಪತ್ರಿಕೆಗಳು ಅದರಲ್ಲಿವೆ. ನಮ್ಮ ಕಾಲೇಜು ಅದರ ಸದಸ್ಯ.

“ದುಡ್ಡು ಕೊಡಬೇಕಾ ಮೇಡಂ?” ಇದು ಅವಳ ಇನ್ನೊಂದು ಪ್ರಶ್ನೆ. ಪ್ರತಿ ಸಲ ಹೊಸ ಪುಟ ತೆರೆದಾಗಲೂ ಇದನ್ನೇ ಕೇಳಿದಳು. ಮೊದಲನೆಯದಕ್ಕಿಂತ ಇದು ನನ್ನನ್ನು ಹೆಚ್ಚು ಕಲಕಿತು. ಮನೆ ಕಂದಾಯದ ಜೊತೆ ನೂರಕ್ಕೆ 6ರಂತೆ ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತಿದ್ದೇವೆ. 1965ರ ಕಾಯ್ದೆಯಿಂದ ಬಂದದ್ದು ಅದು. ಸಮೀಕ್ಷೆ ಮಾಡಿಸಿದ್ದೂ ನಮ್ಮದೇ ತೆರಿಗೆಯಲ್ಲಿ. ಜಿಲ್ಲಾ ಅಂಕಿ ಅಂಶಗಳ ನೋಟ ಅಂತ ಬರುವ ಪುಸ್ತಕವೂ ಹಾಗೇ. ಇವೆಲ್ಲ ಅವಳದ್ದೇ. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ಬಾಗಿಲಲ್ಲೇ ನಿಂತು ಅನುಮತಿ ಕೇಳುವ ಥರ ಕೇಳುತ್ತಿದ್ದಳು.

ಅವಳ ಗೈಡ್ ಬಗ್ಗೆ ಒಂದು ಮಾತು ಹೇಳಲೇಬೇಕು. ಕೆಟ್ಟವರಲ್ಲ. ಅತಿಥಿ ಉಪನ್ಯಾಸಕರು, ಎರಡು ಕಾಲೇಜಿಗೆ ಬಸ್ಸಲ್ಲಿ ಓಡಾಡುತ್ತಾರೆ. ಅವರ ಕೈಕೆಳಗೆ ಅಷ್ಟೊಂದು ಪ್ರಾಜೆಕ್ಟ್. ಹೋದ ವರ್ಷದ ರಿಪೋರ್ಟ್ ಒಂದನ್ನು ಕೊಟ್ಟು ‘ಇದೇ ಥರ ಮಾಡಿ’ ಅಂದಿದ್ದಾರೆ. ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯವರ ಬಗ್ಗೆ ಮಾತ್ರ ನನಗೆ ಅಷ್ಟು ಮೆತ್ತಗೆ ಮಾತಾಡಲು ಆಗಲ್ಲ. ಹೆಸರು, ರಿಜಿಸ್ಟರ್ ನಂಬರ್ ಕೊಟ್ಟರೆ ಸಾಕು, ಪೈ ಚಾರ್ಟ್ ಸಮೇತ ಪ್ರಾಜೆಕ್ಟ್ ಬೈಂಡ್ ಮಾಡಿ ಕೊಡುತ್ತಾರೆ. ಊರು ಬದಲಾದರೂ ಪರ್ಸೆಂಟ್ ಬದಲಾಗಲ್ಲ. ಹುಡುಗರಿಂದ ದುಡ್ಡು ತಗೊಂಡು ಅವರು ಕಲಿಯಬಹುದಾಗಿದ್ದ ಒಂದೇ ಒಂದು ಕೆಲಸವನ್ನೂ ಕಿತ್ತುಕೊಳ್ಳುತ್ತಿದ್ದಾರೆ.

ಹೊರಡುವ ಹೊತ್ತಿಗೆ ಅವಳು ಅಂದಳು, “ನಮ್ಮಪ್ಪ ಕಾಫಿ ಪುಡಿ ಅಂಗಡೀಲೇ ಕೆಲಸ ಮಾಡೋದು ಮೇಡಂ.” ನಾನು ಎದ್ದವಳು ಮತ್ತೆ ಕೂತೆ. ಮಾತಾಡಿಸಿದರೆ ಎಷ್ಟು ಗೊತ್ತು ಆ ಮಗುವಿಗೆ! ಹಳಬರು ಪೀಬರಿ ಅನ್ನೋ ದುಂಡನೆಯ ಬೀಜ ತೋರಿಸಿ, ಕಣ್ಣೆದುರೇ ಹುರಿಸಿ ಪುಡಿ ಮಾಡಿಸುತ್ತಾರೆ. ಹೋಟೆಲಿನವರಿಗೆ ಚಿಕೋರಿ ಜಾಸ್ತಿ ಬೇಕು, ಡಿಕಾಕ್ಷನ್ ಗಟ್ಟಿ ಬರುತ್ತದೆ. ಬೆಲೆ ಏರಿದ ಮೇಲೆ ಅರ್ಧ ಕೆಜಿ ಒಯ್ಯುತ್ತಿದ್ದವರು ಕಾಲು ಕೆಜಿಗೆ ಇಳಿದಿದ್ದಾರೆ, ಆದರೆ ಅಂಗಡಿ ಬದಲಾಯಿಸಿಲ್ಲ. ಕೊಳ್ಳುವವರ ಆಯ್ಕೆ ಅಂದರೆ ಇದೇ ತಾನೇ?

“ಇದನ್ನ ಬರೀಬಹುದಾ? ರೆಫರೆನ್ಸ್ ಇಲ್ವಲ್ಲ” ಅಂದಳು. ಅವಳ ಗೂಗಲ್ ಫಾರ್ಮ್ ತುಂಬಿದವರು ಯಾರು ಅಂತ ಕೇಳಿದೆ. ಹೆಚ್ಚಿನವರು ಕ್ಲಾಸಿನ ವಾಟ್ಸಾಪ್ ಗುಂಪಿನವರು, ಹಾಸ್ಟೆಲ್ ಹುಡುಗಿಯರು. ಮನೆಗೆ ಕಾಫಿ ಪುಡಿ ತರುವುದು ಅವರಲ್ಲಿ ಯಾರೂ ಅಲ್ಲ. ಅದಕ್ಕೆ ಮಾತ್ರ ಟೇಬಲ್, ಚಾರ್ಟ್ ಎಲ್ಲ ಇತ್ತು. ಅಂಗಡಿ ಮುಂದೆ ನಿಂತು ಪುಡಿ ಒಯ್ಯುವವರನ್ನೇ ಕೇಳು, ಯಾವ ದಿನ, ಎಷ್ಟು ಹೊತ್ತು, ಎಷ್ಟು ಜನರನ್ನು ಕೇಳಿದೆ ಅಂತ ಬರೆ, ಅದೇ ನಿನ್ನ ಮೂಲ ಅಂದೆ. ಅಂಗಡಿಯವರ ಒಪ್ಪಿಗೆ ಕೇಳು ಅಂತಲೂ ಹೇಳಿದೆ. ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಪ್ಯಾಕೆಟ್ ಮೇಲೆ ಬರೆದಿರಬೇಕು ಅಂತ ಆಹಾರ ಸುರಕ್ಷತೆಯ ನಿಯಮ ಇದೆ. ಅದನ್ನು ಓದಿ ಪುಡಿ ಕೊಳ್ಳುವವರು ಎಷ್ಟು ಮಂದಿ ಅಂತ ಕೇಳುತ್ತೇನೆ ಅಂದಳು. ಇದು ಅವಳದ್ದೇ ಪ್ರಶ್ನೆ, ನಾನು ಹೇಳಿಕೊಟ್ಟದ್ದಲ್ಲ. ಖಾಲಿ ಜಾಗ ಇದ್ದ ಆ ಸಾಲನ್ನು ಅಲ್ಲೇ ಹೊಡೆದುಹಾಕಿದಳು.

ಹದಿನೈದು ವರ್ಷ ಓದಿದ ಮೇಲೂ ಒಳ್ಳೆ ಹುಡುಗಿಯೊಬ್ಬಳು ‘ಎಷ್ಟು ಅಂತ ಹಾಕ್ಲಿ’ ಅಂತ ಕೇಳುತ್ತಾಳೆ ಅಂದರೆ ಅದು ಅವಳ ತಪ್ಪಲ್ಲ. ಪ್ರಯೋಗಾಲಯದಲ್ಲಿ ಸೈನ್ಸ್ ಮಕ್ಕಳು ಉತ್ತರ ನೋಡಿಕೊಂಡು ರೀಡಿಂಗ್ ಬರೆಯುವುದನ್ನು ನಾವು ನೋಡಿಯೂ ಸುಮ್ಮನಿರುತ್ತೇವೆ. ರೆಕಾರ್ಡ್ ತುಂಬಿದ್ದರೆ ಸಹಿ ಹಾಕುತ್ತೇವೆ. ನಾಳೆ ಇದೇ ಮಕ್ಕಳು ಬ್ಯಾಂಕಿನಲ್ಲಿ, ಪಂಚಾಯಿತಿಯಲ್ಲಿ, ಆಸ್ಪತ್ರೆಯಲ್ಲಿ ಕೂತು ಕಾಲಂ ತುಂಬುತ್ತಾರೆ. ಎಷ್ಟು ಮನೆಗೆ ನೀರು ಬರುತ್ತಿದೆ, ಎಷ್ಟು ಮಕ್ಕಳಿಗೆ ಲಸಿಕೆ ಆಗಿದೆ ಅನ್ನೋ ಕಾಲಂಗಳನ್ನು. ಅಲ್ಲಿ ಯಾರನ್ನು ಕೇಳುತ್ತಾರೆ, ಏನು ಹಾಕುತ್ತಾರೆ? ಇದು ನನಗೆ ನಿಜವಾದ ಭಯ.

ಬುಧವಾರ ಅವಳ ಗೈಡ್ ತಾವೇ ಬಂದರು. ಎನ್-ಲಿಸ್ಟ್ ಪಾಸ್‌ವರ್ಡ್ ಬೇಕಿತ್ತು. ಅತಿಥಿ ಉಪನ್ಯಾಸಕರಿಗೂ ಅದು ಸಿಗುತ್ತದೆ ಅಂತ ಅವರಿಗೂ ಯಾರೂ ಹೇಳಿರಲಿಲ್ಲ. ಅವತ್ತೇ ಅವರ ಹೆಸರಲ್ಲಿ ಖಾತೆ ಮಾಡಿಕೊಟ್ಟೆ. ಆಮೇಲೆ ಪ್ರಿನ್ಸಿಪಾಲರ ಹತ್ತಿರ ಹೋಗಿ, ವಾರಕ್ಕೆ ಒಂದು ಪೀರಿಯಡ್ ಲೈಬ್ರರಿಯಲ್ಲಿ ಕೊಡಿ, ಮೂಲ ಹುಡುಕೋದನ್ನು ನಾನೇ ಹೇಳಿಕೊಡುತ್ತೇನೆ ಅಂದೆ. ಟೈಮ್‌ಟೇಬಲ್ ನೋಡಿ ಹೇಳ್ತೀನಿ, ಕೊನೆ ಸೆಮಿಸ್ಟರಲ್ಲಿ ನೋಡೋಣ ಅಂದರು. ಕೊನೆ ಸೆಮಿಸ್ಟರಲ್ಲಿ ಬೇಡ ಸರ್, ಮೊದಲನೆಯದರಲ್ಲೇ ಬೇಕು ಅಂತ ಇವತ್ತು ಮತ್ತೆ ಹೋಗಿ ಹೇಳಿ ಬಂದಿದ್ದೇನೆ.