ರಾಜನಿಗೆ ‘ಪರಿಶೀಲನೆ’ ಕೊಟ್ಟ ಸಂಜೆ

ಚೆಸ್ ಆ್ಯಪ್‌ನ ಪರ್ಷಿಯನ್ ಬಿಲ್ಡ್ (ಬಿಡುಗಡೆಯ ಆವೃತ್ತಿ) ಹೋಗಲು 40 ನಿಮಿಷ ಬಾಕಿ ಇದ್ದಾಗ ಪರೀಕ್ಷಿಸುವ ತಂಡವಾದ ಕ್ಯೂಎಯಿಂದ ಸ್ಕ್ರೀನ್‌ಶಾಟ್ ಬಂತು. ಬಿಳಿ ರಾಜ ಸಿಕ್ಕಿಬಿದ್ದಿದ್ದಾನೆ, ಮೇಲೆ ಕೆಂಪಕ್ಷರದಲ್ಲಿ ‘ಬರ್ರಸೀ’. ಇಂಗ್ಲಿಷಿನ ‘ಚೆಕ್’ಗೆ ಹಾಕಿದ ಅನುವಾದ, ಅಂದರೆ ಪರಿಶೀಲನೆ! ಹಿಂದಿನ ಬ್ಯಾಂಕಿಂಗ್ ಪ್ರಾಜೆಕ್ಟ್‌ನ ಟಿಎಂನಿಂದ (ಹಳೆಯ ಅನುವಾದಗಳ ಸಂಗ್ರಹದಿಂದ) ಬಂದ 100% ಮ್ಯಾಚ್ ಅದು, ಮೂಲ ಪದ ಅಕ್ಷರಶಃ ಒಂದೇ. ಯಾರೂ ತಿದ್ದದಂತೆ ಲಾಕ್ ಮಾಡಿದ್ದು ನಾನೇ. ಲಾಕ್ ಆದ ಸೆಗ್‌ಮೆಂಟ್ (ಪಠ್ಯದ ತುಣುಕು) ಹಣ ಕೊಡುವ ವರ್ಡ್‌ಕೌಂಟ್‌ಗೆ ಬರುವುದಿಲ್ಲ, ದುಡ್ಡು ಉಳಿಯುತ್ತದೆ, ಮೇಲಿನವರಿಗೂ ಖುಷಿ.

ಅನುವಾದಕರಿಗೆ ಮೆಸೇಜ್ ಹಾಕಿದೆ, ಉತ್ತರವಿಲ್ಲ. ಸುಮ್ಮನೆ ಕಾಯಬೇಕಿತ್ತು. ಆದರೆ ‘ಚೆಕ್’ ಎಂಬ ಪದದ ಮೂಲವೇ ಪರ್ಷಿಯನ್ನಿನ ‘ಶಾಹ್’, ಅಂದರೆ ರಾಜ, ಎಂದು ಗೊತ್ತಿತ್ತಲ್ಲ, ಅದನ್ನೇ ಹಾಕಿಬಿಟ್ಟೆ. ಮೂಲದ ಮಾತು ನಿಜವೇ: ಪರ್ಷಿಯನ್ ‘ಶಾಹ್’ ಅರಬ್ಬಿಯ ಮೂಲಕ ಲ್ಯಾಟಿನ್ನಿಗೆ ‘ಸ್ಕಾಕಸ್’ ಆಗಿ, ಹಳೆಯ ಫ್ರೆಂಚಿನಲ್ಲಿ ‘ಎಸ್ಚೆಕ್’ ಆಗಿ ಇಂಗ್ಲಿಷಿಗೆ ಬಂತು. ಅದರ ಬಹುವಚನದಿಂದ ‘ಚೆಸ್’. ‘ಚೆಕ್’ನ ಅರ್ಥವೂ ಬದಲಾಯಿತು: ರಾಜನಿಗೆ ತಡೆ ಎಂಬುದು ಬರೀ ತಡೆಯಾಯಿತು, ತಡೆ ಎಂಬುದು ತಾಳೆ ನೋಡುವುದಾಯಿತು. ಇಂಗ್ಲೆಂಡಿನ ಖಜಾನೆಯವರು 10 ಅಡಿ ಉದ್ದ, 5 ಅಡಿ ಅಗಲದ ಮೇಜಿನ ಮೇಲೆ ಗೆರೆ ಹಾಕಿದ ಬಟ್ಟೆ ಹಾಸಿ ಲೆಕ್ಕ ಮಾಡುತ್ತಿದ್ದರು. ಚದುರಂಗದ ಹಾಸಿನಂತಿದ್ದ ಅದರಿಂದ ‘ಎಕ್ಸ್‌ಚೆಕರ್’. ಬ್ಯಾಂಕಿನ ಚೆಕ್ಕಿನ ಕಾಗುಣಿತಕ್ಕೆ ಅದರದೇ ನೆರಳು. ಪರ್ಷಿಯನ್ನಿನಲ್ಲಿ ದಸ್ತಾವೇಜಿಗೆ ‘ಚಕ್’ ಎಂಬ ಹಳೆಯ ಪದವಿದೆ, ಅರಬ್ಬಿಯ ‘ಸಕ್ಕ್’ ಅದರಿಂದಲೇ. ಬ್ಯಾಂಕಿನ ಚೆಕ್ಕೂ ಅಲ್ಲಿಂದಲೇ ಬಂತು ಎನ್ನುವವರಿದ್ದಾರೆ, ಇಂಗ್ಲಿಷ್ ನಿಘಂಟುಗಳು ಸಾಮಾನ್ಯವಾಗಿ ಚದುರಂಗದ ದಾರಿಯನ್ನೇ ಹಿಡಿಯುತ್ತವೆ.

ಇಷ್ಟೆಲ್ಲ ಗೊತ್ತಿದ್ದೂ ಬಿಲ್ಡ್ ಕೆಟ್ಟಿತ್ತು. ಐದು ನಿಮಿಷ ಇದ್ದಾಗ ಅನುವಾದಕರು ಬಂದು ಹೇಳಿದರು: ಇರಾನಿನಲ್ಲಿ ಇವತ್ತು ರಾಜನಿಗೆ ಕೊಡುವುದು ‘ಕೀಶ್’. ‘ಶಾಹ್’ ಎಂದರೆ ಬರೀ ಕಾಯಿಯ ಹೆಸರು. ಆಟ ಮುಗಿದರೆ ‘ಕೀಶ್ ಒ ಮಾತ್’, ನಡೆಯೇ ಇಲ್ಲದೆ ಡ್ರಾ ಆದರೆ ‘ಪಾತ್’. ಉಸಿರು ಬಿಗಿಹಿಡಿದು ಮೂರೂ ತಿದ್ದಿದೆ.

ಆಮೇಲೆ ಟಿಬಿಯಲ್ಲಿ (ಪದಕೋಶದಲ್ಲಿ) ‘ಚೆಕ್’ ಎಂಬ ಒಂದೇ ಎಂಟ್ರಿಯನ್ನು ಒಡೆದೆವು. ತಪಾಸಣೆಗೆ ‘ಬರ್ರಸೀ’, ಗುರುತು ಹಾಕುವುದಕ್ಕೆ ‘ತೀಕ್’, ಬ್ಯಾಂಕಿನದಕ್ಕೆ ‘ಚೆಕ್’, ಅಮೆರಿಕದ ಹೋಟೆಲ್ ಬಿಲ್ಲಿಗೆ ‘ಸೂರತ್‌ಹೆಸಾಬ್’, ಚೌಕಳಿ ಬಟ್ಟೆಗೆ ‘ಚಾಹಾರ್‌ಖಾನೆ’, ಆಟದಲ್ಲಿ ‘ಕೀಶ್’. ಪ್ರತಿಯೊಂದಕ್ಕೂ ಯಾವ ಕ್ಷೇತ್ರದ್ದೆಂದು ಹೇಳುವ ಡೊಮೇನ್ ಟ್ಯಾಗ್. ಒಂದೇ ಪದದ ಸ್ಟ್ರಿಂಗಿಗೆ (ಆ್ಯಪ್‌ನಲ್ಲಿ ತೋರುವ ಪಠ್ಯಕ್ಕೆ) 100% ಮ್ಯಾಚ್ ಇದ್ದರೂ ಲಾಕ್ ಇಲ್ಲ. ಮೊದಲು ಸ್ಟ್ರಿಂಗ್ ಐಡಿ (ಡೆವಲಪರ್ ಕೊಟ್ಟ ಗುರುತು) ನೋಡುವುದು, ಅದರಿಂದ ತಿಳಿಯದಿದ್ದರೆ ಸ್ಕ್ರೀನ್‌ಶಾಟ್ ಕೇಳುವುದು. ಅನುವಾದಕರಿಗೆ ಒಂದೊಂದು ಪದದ ಲೆಕ್ಕದಲ್ಲಿ ಹಣ ಕೊಡಬೇಕಾಗುತ್ತದೆ, ಕೊಡಲಿ.

ಕಾಯಿಗಳ ಹೆಸರು ನೋಡುವಾಗ ಇನ್ನೊಂದು ಹೊಂಡ. ಪಟ್ಟಿಯಲ್ಲಿ ಬಿಷಪ್‌ಗೆ ‘ಫೀಲ್’, ಅಂದರೆ ಆನೆ. ನಮ್ಮ ಕಡೆ ಆನೆ ಮೂಲೆಯಲ್ಲಿ ಕೂರುತ್ತದೆ, ಬಿಷಪ್ ಒಂಟೆ. ತಪ್ಪಾಗಿದೆ ಎಂದು ಅದಲುಬದಲು ಮಾಡಲು ಕೈ ಹೋಗಿತ್ತು. ಅವರ ಮೂಲೆಯ ಕಾಯಿ ‘ರೋಖ್’, ಇಂಗ್ಲಿಷಿನ ರೂಕ್ ಅದರದೇ ರೂಪ. ಈ ಸಲ ಮುಟ್ಟಲಿಲ್ಲ, ಕೇಳಿದೆ.

ಡೆವಲಪರ್‌ಗಳು ಕಳಿಸುವ ಫೈಲಿನಲ್ಲಿ ಕಾಮೆಂಟ್ ಕಾಲಂ ಈಗಲೂ ಖಾಲಿಯೇ ಬರುತ್ತದೆ. ನಿನ್ನೆ ಬಂದದ್ದರಲ್ಲಿ ಒಂಟಿ ಸ್ಟ್ರಿಂಗ್ ‘ಮೇಟ್’ ಇತ್ತು. ಗೆಳೆಯನೋ, ಆಟ ಮುಗಿಸುವ ‘ಮಾತ್’ ಎಂಬುದೋ?